ಬ್ರೈಟನ್‌ನ ಓಲ್ಡ್ ಶಿಪ್ ಹೋಟೆಲ್: ಗುಡ್ಡದಿಂದ ಕಡಲಿಗೆ ಇಳಿಯುತ್ತಾ ನೋಡಿ

ಲಂಡನ್‌ಗೆ ಬರುವ ನಮ್ಮ ಕಡೆಯವರು ಬ್ರೈಟನ್‌ಗೆ ಒಂದೇ ದಿನ ಇಡುವುದು ಜಾಸ್ತಿ. ಬೆಳಿಗ್ಗೆ ರೈಲು, ಸಮುದ್ರದೊಳಗೆ ಚಾಚಿದ ಪಿಯರ್ ಮೇಲೆ ಒಂದು ಸುತ್ತು, ರಾಯಲ್ ಪೆವಿಲಿಯನ್ ಅರಮನೆ ಎದುರು ಫೋಟೋ, ಸಂಜೆ ವಾಪಸ್. ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಂದು ರಾತ್ರಿ ಉಳಿಯಿರಿ. ಸಾಧ್ಯವಾದರೆ ಸಮುದ್ರದ ಎದುರಿನ ಓಲ್ಡ್ ಶಿಪ್ ಹೋಟೆಲ್‌ನಲ್ಲಿ ಉಳಿಯಿರಿ. ಇಲ್ಲದಿದ್ದರೆ ಅದರೊಳಗೆ ಹೋಗಿ ಒಂದು ಕಪ್ ಚಹಾ ಆದರೂ ಕುಡಿದು ಬನ್ನಿ. ಬ್ರೈಟನ್‌ನ ಅತಿ ಹಳೆಯ ಹೋಟೆಲ್ ಅದು. ಅದರ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು 1559ರಲ್ಲಿ. ನಮ್ಮ ವಿಜಯನಗರ ಇನ್ನೂ ಹಾಳಾಗದೆ ಇದ್ದ ಕಾಲ.

ಈ ಊರು ರಾಜರಿಂದ ಬೆಳೆಯಿತು ಅಂತ ಎಲ್ಲ ಕಡೆ ಬರೆದಿರುತ್ತಾರೆ. ನನಗೆ ಅಲ್ಲಿ ಓಡಾಡಿದ ಮೇಲೆ ಅನಿಸಿದ್ದು ಬೇರೆ. ರಾಜರು ಬಂದರು, ಹೋದರು. ಬಂದವರಿಗೆ ಹಾಸಿಗೆ, ಊಟ, ಸ್ನಾನ, ಕುಣಿಯುವುದಕ್ಕೆ ಜಾಗ ಕೊಟ್ಟ ಜನ ಈ ಊರನ್ನು ಕಟ್ಟಿದರು. ಆ ಕಥೆ ಓಲ್ಡ್ ಶಿಪ್ ಸುತ್ತಮುತ್ತ ಕಾಲ್ನಡಿಗೆಯ ದೂರದಲ್ಲೇ ಸಿಗುತ್ತದೆ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಿರಬೇಕು.

ಮೊದಲು ಹೋಗುವ ವಿಷಯ ಹೇಳಿಬಿಡುತ್ತೇನೆ. ಲಂಡನ್‌ಗೆ ಬಂದ ಕನ್ನಡಿಗರು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ನೋಡಲು ಹೋಗೇ ಹೋಗುತ್ತಾರೆ ಅಲ್ವಾ? ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ ಸುಮಾರು ಅರ್ಧ ಗಂಟೆ ನಡೆದರೆ ವಿಕ್ಟೋರಿಯಾ ಸ್ಟೇಷನ್. ಬ್ರೈಟನ್ ರೈಲು ಅಲ್ಲಿಂದಲೇ ಹೊರಡುತ್ತದೆ. ಹೆಚ್ಚುಕಮ್ಮಿ ಒಂದು ಗಂಟೆ ಪ್ರಯಾಣ. ಲಂಡನ್ ಬ್ರಿಡ್ಜ್ ಮತ್ತು ಸೇಂಟ್ ಪ್ಯಾಂಕ್ರಸ್‌ನಿಂದಲೂ ಥೇಮ್ಸ್‌ಲಿಂಕ್ ರೈಲುಗಳಿವೆ. ಟಿಕೆಟ್ ಮೇಲೆ ಯಾವ ಕಂಪನಿಯ ರೈಲಿಗೆ ಅಂತ ಬರೆದಿದ್ದರೆ ಅದೇ ರೈಲು ಹತ್ತಬೇಕು. ಥೇಮ್ಸ್‌ಲಿಂಕ್‌ಗೆ ಮಾತ್ರ ಅಂತ ಇರುವ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ. ಅದನ್ನು ಇಟ್ಟುಕೊಂಡು ವಿಕ್ಟೋರಿಯಾದಲ್ಲಿ ರೈಲು ಹತ್ತಿದರೆ ದಂಡ ಕಟ್ಟಬೇಕಾದೀತು.

ದುಡ್ಡು ಉಳಿಸುವ ದಾರಿಗಳಿವೆ. ಬೆಳಗಿನ ಆಫೀಸ್ ಹೊತ್ತು ಕಳೆದ ಮೇಲಿನ ಆಫ್ ಪೀಕ್ ಟಿಕೆಟ್ ತೆಗೆದುಕೊಳ್ಳಿ. ಮೂವರಿಂದ ಒಂಬತ್ತು ಜನ ಒಟ್ಟಿಗೆ ಹೋಗುತ್ತಿದ್ದರೆ ಗ್ರೂಪ್‌ಸೇವ್ ರಿಯಾಯಿತಿ ಕೇಳಿ, ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರಿಗೆ ಅರವತ್ತು ದಾಟಿದ್ದರೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ. ಅದಕ್ಕೆ ಆ ದೇಶದ ಪ್ರಜೆ ಆಗಿರಬೇಕು ಅಂತೇನಿಲ್ಲ. ವಯಸ್ಸಿಗೆ ಪುರಾವೆಯಾಗಿ ಪಾಸ್‌ಪೋರ್ಟ್ ಸಾಕು. ಬ್ರೈಟನ್ ಅಲ್ಲದೆ ಇನ್ನೊಂದೆರಡು ಕಡೆ ರೈಲಿನಲ್ಲಿ ಹೋಗುವುದಿದ್ದರೆ ಕಾರ್ಡಿನ ದುಡ್ಡು ವಾಪಸ್ ಬಂದ ಹಾಗೆಯೇ. ಇನ್ನು, ಗ್ಯಾಟ್ವಿಕ್ ವಿಮಾನ ನಿಲ್ದಾಣದಿಂದ ಬ್ರೈಟನ್ ಬರೀ ಅರ್ಧ ಗಂಟೆ. ನಿಮ್ಮ ವಿಮಾನ ಅಲ್ಲಿ ಇಳಿಯುವುದಾದರೆ ಬ್ರೈಟನ್ ಮುಗಿಸಿಕೊಂಡೇ ಲಂಡನ್‌ಗೆ ಹೋಗಿ. ಕಾರು ಮಾತ್ರ ಬೇಡ. ಹಳೇ ಊರಿನ ಬೀದಿಗಳು ಇಕ್ಕಟ್ಟು, ಪಾರ್ಕಿಂಗ್ ದುಬಾರಿ.

ಬ್ರೈಟನ್ ಸ್ಟೇಷನ್ ಗುಡ್ಡದ ಮೇಲಿದೆ. ಹೊರಗೆ ಬಂದರೆ ಎದುರಿಗೆ ಕ್ವೀನ್ಸ್ ರೋಡ್ ನೇರವಾಗಿ ಕೆಳಗೆ ಇಳಿಯುತ್ತದೆ, ತುದಿಯಲ್ಲಿ ಸಮುದ್ರ. ಎಲ್ಲರೂ ಆ ಇಳಿಜಾರಿನಲ್ಲೇ ಹೊರಟುಬಿಡುತ್ತಾರೆ. ನೀವು ಮಧ್ಯದಲ್ಲಿ ಬಲಕ್ಕೆ ತಿರುಗಿ ಸೇಂಟ್ ನಿಕೊಲಸ್ ಚರ್ಚಿಗೆ ಹೋಗಿ. ಸ್ವಲ್ಪ ಏರು ಹತ್ತಬೇಕು. ನನ್ನ ಜೊತೆ ಬಂದಿದ್ದ ಅಮ್ಮನಿಗೆ ಮೊಣಕಾಲು ನೋವು. ಆದರೂ ನಿಧಾನವಾಗಿ ಹತ್ತಿದರು. ಮೊದಲೇ ಈ ಏರು ಮುಗಿಸಿದರೆ ಆಮೇಲೆ ದಿನವಿಡೀ ಇಳಿಜಾರೇ. ಸಮುದ್ರ ನೋಡಿಕೊಂಡು ಸುಸ್ತಾದ ಮೇಲೆ ಇಲ್ಲಿಗೆ ಹತ್ತಿ ಬರುತ್ತೇನೆ ಅಂದುಕೊಂಡರೆ ಯಾರೂ ಬರುವುದಿಲ್ಲ.

ಹೋಟೆಲ್ ನೋಡಲು ಹೊರಟವರು ಚರ್ಚಿನ ಸ್ಮಶಾನಕ್ಕೆ ಯಾಕೆ ಹೋಗಬೇಕು? ಕಾರಣ ಇದೆ. ಬ್ರೈಟನ್‌ಗೆ ಆಗ ಬ್ರೈಟ್‌ಹೆಲ್ಮ್‌ಸ್ಟನ್ ಅಂತ ಹೆಸರು. ಮೀನುಗಾರರ ಊರು. 1514ರಲ್ಲಿ ಫ್ರೆಂಚರು ಹಡಗಿನಲ್ಲಿ ಬಂದು ಇಡೀ ಊರಿಗೆ ಬೆಂಕಿ ಇಟ್ಟರು. ಗುಡ್ಡದ ಮೇಲಿದ್ದ ಈ ಚರ್ಚು ಉಳಿದುಕೊಂಡಿತು. ಕೆಳಗೆ ನೀವು ನೋಡುವ ಹಳೇ ಊರೆಲ್ಲಾ ಆ ಬೆಂಕಿಯ ನಂತರ ಎದ್ದದ್ದು. ಓಲ್ಡ್ ಶಿಪ್ ಕೂಡ. ಚರ್ಚಿನೊಳಗೆ ಕಲ್ಲಿನ ಹಳೆಯ ದೀಕ್ಷಾಸ್ನಾನದ ತೊಟ್ಟಿ ಇದೆ. ಹನ್ನೆರಡನೇ ಶತಮಾನದ್ದು, ಸುತ್ತಲೂ ಕೆತ್ತನೆ. ಬಾಗಿಲು ತೆರೆದಿದ್ದರೆ ಅದನ್ನೂ ನೋಡಿ.

ಆದರೆ ನಮ್ಮ ಕೆಲಸ ಹೊರಗಡೆ. ಚರ್ಚಿನ ದಕ್ಷಿಣ ಗೋಡೆಯ ಹತ್ತಿರ ನಿಕೊಲಸ್ ಟೆಟರ್ಸೆಲ್ ಅನ್ನುವವನ ಸಮಾಧಿ ಇದೆ. ಕಪ್ಪು ಕಲ್ಲಿನ ಹಾಸು. ಈತ ಓಲ್ಡ್ ಶಿಪ್‌ನ ಮಾಲೀಕನಾಗಿದ್ದ. ಅದಕ್ಕೂ ಮೊದಲು ದೋಣಿಯ ಯಜಮಾನ.

ಕಥೆ 1651ರದ್ದು. ಇಂಗ್ಲೆಂಡಿನಲ್ಲಿ ಅಂತರ್ಯುದ್ಧ. ರಾಜ ಮೊದಲನೇ ಚಾರ್ಲ್ಸ್‌ನ ತಲೆ ಕಡಿದು ಎರಡು ವರ್ಷ ಆಗಿತ್ತು. ಅವನ ಮಗ, ಮುಂದೆ ಎರಡನೇ ಚಾರ್ಲ್ಸ್ ಆದವನು, ಸೆಪ್ಟೆಂಬರ್ 3ರಂದು ವೂಸ್ಟರ್ ಕದನದಲ್ಲಿ ಸೋತು ಓಡಿದ. ಹಿಡಿದುಕೊಟ್ಟವರಿಗೆ 1000 ಪೌಂಡ್ ಬಹುಮಾನ ಅಂತ ಡಂಗುರ ಸಾರಿಸಿದ್ದರು. ವೇಷ ಮರೆಸಿಕೊಂಡು ಆರು ವಾರ ಅಲೆದಾಡಿ, ಅಕ್ಟೋಬರ್ 14ರ ಸಂಜೆ ಬ್ರೈಟ್‌ಹೆಲ್ಮ್‌ಸ್ಟನ್‌ಗೆ ಬಂದ. ಜಾರ್ಜ್ ಅನ್ನುವ ಇನ್‌ನಲ್ಲಿ, ಅಂದರೆ ಊಟ ವಸತಿಯ ಹಳೇ ಕಾಲದ ಹೋಟೆಲ್‌ನಲ್ಲಿ, ಊಟಕ್ಕೆ ಕೂತ. ಫ್ರಾನ್ಸ್‌ಗೆ ದಾಟಿಸಲು ಗೊತ್ತು ಮಾಡಿದ್ದ ದೋಣಿಯ ಯಜಮಾನ ಟೆಟರ್ಸೆಲ್ ಕೂಡ ಅಲ್ಲಿಗೆ ಬಂದ. ಯಾರೋ ಸಾಲಗಾರ ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ ಅವನಿಗೆ ಹೇಳಿದ್ದರು. ಆದರೆ ಅವನು ಗುರುತು ಹಿಡಿದುಬಿಟ್ಟ. ಕೆಲವು ವರ್ಷಗಳ ಹಿಂದೆ ಇದೇ ರಾಜಕುಮಾರನ ಹಡಗುಪಡೆ ಅವನ ದೋಣಿಯನ್ನು ಹಿಡಿದು, ಆಮೇಲೆ ಬಿಟ್ಟುಕೊಟ್ಟಿತ್ತು. ಆ ಮುಖ ನೆನಪಿತ್ತು. ಅಪಾಯ ಎಷ್ಟು ದೊಡ್ಡದು ಅಂತ ಅರ್ಥವಾದ ಮೇಲೆ ಅವನು ಬಾಡಿಗೆ ಜಾಸ್ತಿ ಕೇಳಿದ. ಹಿಡಿದುಕೊಡಲಿಲ್ಲ. ಮರುದಿನ ಬೆಳಿಗ್ಗೆ ಪಕ್ಕದ ಶೋರಮ್‌ನಿಂದ ದೋಣಿ ಹೊರಟಿತು. ಅಕ್ಟೋಬರ್ 16ರಂದು ಫ್ರಾನ್ಸಿನ ಫೆಕಾಂ ಸೇರಿತು.

ಒಂದು ವಿಷಯ ಇಲ್ಲಿ ಸ್ಪಷ್ಟ ಮಾಡಬೇಕು. ರಾಜ ಆ ರಾತ್ರಿ ಓಲ್ಡ್ ಶಿಪ್‌ನಲ್ಲಿ ಇದ್ದ ಅಂತ ಕೆಲವರು ಹೇಳುತ್ತಾರೆ. ನಮ್ಮ ಪಕ್ಕದಲ್ಲೇ ಒಬ್ಬರು ತಮ್ಮ ಮೊಮ್ಮಗಳಿಗೆ ಹಾಗೇ ಹೇಳುತ್ತಿದ್ದರು. ಅವನಿದ್ದದ್ದು ಜಾರ್ಜ್‌ನಲ್ಲಿ. ಓಲ್ಡ್ ಶಿಪ್‌ಗೆ ಸಂಬಂಧ ಬಂದದ್ದು ಇಪ್ಪತ್ತು ವರ್ಷ ಆದ ಮೇಲೆ. 1660ರಲ್ಲಿ ಚಾರ್ಲ್ಸ್ ವಾಪಸ್ ಬಂದು ಗದ್ದುಗೆ ಏರಿದ. ಟೆಟರ್ಸೆಲ್ ತನ್ನ ದೋಣಿಯನ್ನು ಥೇಮ್ಸ್ ನದಿಯವರೆಗೆ ತಂದು, ಅರಮನೆ ಎದುರು ನಿಲ್ಲಿಸಿ, ಮಾಡಿದ ಉಪಕಾರವನ್ನು ನೆನಪಿಸಿದ. ಕೆಲಸ ಆಯಿತು. ದೋಣಿಗೆ ರಾಯಲ್ ಎಸ್ಕೇಪ್ ಅಂತ ಹೊಸ ಹೆಸರು ಸಿಕ್ಕಿತು. ಅವನಿಗೆ ನೌಕಾಪಡೆಯಲ್ಲಿ ಕ್ಯಾಪ್ಟನ್ ಹುದ್ದೆ, ವರ್ಷಕ್ಕೆ 100 ಪೌಂಡ್ ಪಿಂಚಣಿ ಸಿಕ್ಕವು. 1671ರಲ್ಲಿ ಅವನು ಓಲ್ಡ್ ಶಿಪ್ ಕೊಂಡುಕೊಂಡ. 1674ರಲ್ಲಿ ಸತ್ತ.

"ಸಮುದ್ರದ ಕೆಲಸ ಬಿಟ್ಟವನಿಗೆ ಊಟ ವಸತಿ ವ್ಯಾಪಾರವೇ ವಾಸಿ ಬಿಡು" ಅಂದರು ಅಮ್ಮ. ನನಗೂ ಅದೇ ಸರಿ ಅನಿಸಿತು. ಆದರೆ ಸಮಾಧಿಯ ಮೇಲಿನ ಹೊಗಳಿಕೆ ಓದಿ ಅವನನ್ನು ಸಂತ ಅಂತ ತಿಳಿಯಬೇಡಿ. ಊರಿನ ಕಾನ್‌ಸ್ಟೇಬಲ್ ಆಗಿದ್ದಾಗ, ಸರ್ಕಾರಿ ಚರ್ಚಿಗೆ ಸೇರದೆ ಬೇರೆಯಾಗಿ ಪ್ರಾರ್ಥನೆ ಮಾಡುತ್ತಿದ್ದ ಬಡವರಿಗೆ ಅವನು ಬಹಳ ಕಿರುಕುಳ ಕೊಟ್ಟ. ಆ ಜನರ ಪರವಾಗಿ ಸಮಾಧಿಯಲ್ಲಿ ಒಂದು ಸಾಲೂ ಇಲ್ಲ. ನನಗೆ ಅದು ಬೇಸರ ತಂದಿತು.

ಇದೇ ಸ್ಮಶಾನದಲ್ಲಿ ಇನ್ನೊಂದು ಸಮಾಧಿ ಹುಡುಕಿ. ಸೇಕ್ ದೀನ್ ಮಹಮ್ಮದ್. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದವರು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, 1784ರಲ್ಲಿ ಐರ್ಲೆಂಡಿಗೆ ಬಂದರು. ಅಲ್ಲೇ ಮದುವೆಯಾದರು. 1794ರಲ್ಲಿ ತಮ್ಮ ಪ್ರಯಾಣದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಭಾರತೀಯರೊಬ್ಬರು ಇಂಗ್ಲಿಷಿನಲ್ಲಿ ಬರೆದು ಅಚ್ಚಾದ ಮೊದಲ ಪುಸ್ತಕ ಅದು. 1810ರಲ್ಲಿ ಲಂಡನ್‌ನಲ್ಲಿ ಭಾರತೀಯ ಅಡುಗೆಯ ಹೋಟೆಲ್ ತೆರೆದರು. ನಷ್ಟವಾಗಿ 1812ರಲ್ಲಿ ದಿವಾಳಿಯಾದರು. ಐವತ್ತು ದಾಟಿದ ಮನುಷ್ಯ, ಕೈಯಲ್ಲಿ ಕಾಸಿಲ್ಲ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬ್ರೈಟನ್‌ಗೆ ಬಂದು ಮತ್ತೆ ಮೊದಲಿಂದ ಶುರು ಮಾಡಿದರು. ಗಿಡಮೂಲಿಕೆ ಹಾಕಿದ ಬಿಸಿ ಹಬೆ, ಆಮೇಲೆ ಮೈ ತಿಕ್ಕುವ ಚಿಕಿತ್ಸೆ. ರೋಗಿಯನ್ನು ಫ್ಲ್ಯಾನೆಲ್ ಬಟ್ಟೆಯ ಗೂಡಿನೊಳಗೆ ಕೂರಿಸಿ, ಬಟ್ಟೆಯ ತೋಳಿನೊಳಗೆ ಹೊರಗಿನಿಂದ ಕೈ ತೂರಿಸಿ ತಿಕ್ಕುತ್ತಿದ್ದರು. ಕೀಲುನೋವಿನವರು ಸಾಲುಗಟ್ಟಿ ಬಂದರು. ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ, ಇಬ್ಬರು ರಾಜರಿಗೂ ಅವರದೇ ಚಿಕಿತ್ಸೆ. 1851ರಲ್ಲಿ ತೀರಿಕೊಂಡರು. ಆ ಸಮಾಧಿ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ಮೊಣಕಾಲು ನೋವಿನವರಿಗೆ ಅವರ ಬೆಲೆ ಗೊತ್ತಾಗುತ್ತದೆ.

ಚರ್ಚಿನಿಂದ ಕೆಳಗಿಳಿದು ನಾರ್ತ್ ಸ್ಟ್ರೀಟ್ ದಾಟಿದರೆ ಶಿಪ್ ಸ್ಟ್ರೀಟ್. ಇದು ಸಮುದ್ರದ ಕಡೆ ಇಳಿಯುವ ಬೀದಿ, ಓಲ್ಡ್ ಶಿಪ್‌ಗೆ ಬರುವ ಸರಿಯಾದ ದಾರಿಯೂ ಇದೇ. ಇದರ ಎಡಕ್ಕಿರುವ ಸಣ್ಣ ಸಣ್ಣ ಓಣಿಗಳಿಗೆ ದಿ ಲೇನ್ಸ್ ಅನ್ನುತ್ತಾರೆ. ಈಗ ಒಡವೆ ಅಂಗಡಿಗಳು ಜಾಸ್ತಿ. ಶಿಪ್ ಸ್ಟ್ರೀಟ್, ಪಕ್ಕದ ಬ್ಲ್ಯಾಕ್ ಲಯನ್ ಸ್ಟ್ರೀಟ್ ಇರುವ ಜಾಗದಲ್ಲಿ ಒಂದು ಕಾಲಕ್ಕೆ ಮೀನುಗಾರರ ಹಗ್ಗಕ್ಕಾಗಿ ಸೆಣಬು ಬೆಳೆಯುತ್ತಿದ್ದರು. ಹೊಲಗಳ ಉದ್ದುದ್ದ ಪಟ್ಟಿಗಳೇ ಆಮೇಲೆ ಬೀದಿಗಳಾದವು. ಅದಕ್ಕೇ ಇವು ಸಮುದ್ರಕ್ಕೆ ನೇರವಾಗಿ, ಒಂದರ ಪಕ್ಕ ಒಂದು ಹೋಗುತ್ತವೆ. ಮ್ಯಾಪ್ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಶಿಪ್ ಸ್ಟ್ರೀಟ್‌ನಲ್ಲಿ ಇಳಿದು ಬರುವಾಗ ಎರಡೂ ಬದಿ ಗಮನಿಸಿ. ಹಿಂದೆ ನಮ್ಮ ಹೋಟೆಲ್‌ಗೆ ಸುಮ್ನೆ ಶಿಪ್ ಅಂತಷ್ಟೇ ಹೆಸರಿತ್ತು. ಹದಿನೇಳನೇ ಶತಮಾನದಲ್ಲಿ ಎದುರುಗಡೆ ನ್ಯೂ ಶಿಪ್ ಅನ್ನುವ ಇನ್ನೊಂದು ಇನ್ ಬಂತು. ಆಗ ಇದು ಓಲ್ಡ್ ಶಿಪ್ ಆಯಿತು. ನ್ಯೂ ಶಿಪ್ ಇದ್ದ ಜಾಗದಲ್ಲಿ ಈಗ ಬೇರೆ ಹೋಟೆಲ್ ಇದೆ. ಮರದ ಪಟ್ಟಿಗಳ ಅದರ ಮುಖ ನೋಡಿ, ಇದೇ ಹಳೆಯದು ಅಂತ ಜನ ಅದರ ಫೋಟೋ ತೆಗೆದುಕೊಳ್ಳುತ್ತಾರೆ. ಹಾಗೆ ಕಾಣಲಿ ಅಂತಲೇ ಇಪ್ಪತ್ತನೇ ಶತಮಾನದಲ್ಲಿ ಕಟ್ಟಿದ್ದು ಅದು.

ಇನ್ನು ಓಲ್ಡ್ ಶಿಪ್. ಸಮುದ್ರದ ಕಡೆಯಿಂದ ಬಂದವರಿಗೆ ಅದು ಉದ್ದಕ್ಕೆ ಹಬ್ಬಿದ, ಬಿಳಿ ಬಣ್ಣದ, ದಡದ ಉಳಿದ ಹೋಟೆಲ್‌ಗಳಂಥದೇ ಒಂದು ಹೋಟೆಲ್. 1559 ಎಲ್ಲಿದೆ ಇಲ್ಲಿ ಅಂತ ನಿರಾಸೆ ಆಗುತ್ತದೆ. ಯಾಕೆಂದರೆ ಆ ಮುಖ ಆಮೇಲಿನದು. ಸಮುದ್ರದ ಬದಿಯ ಕಿಂಗ್ಸ್ ರೋಡ್ ಅನ್ನು ರಾಜ ನಾಲ್ಕನೇ ಜಾರ್ಜ್ ತೆರೆದದ್ದೇ 1822ರಲ್ಲಿ. ಅದಕ್ಕೂ ಮುಂಚೆ ಓಲ್ಡ್ ಶಿಪ್‌ನ ಬಾಗಿಲು ಶಿಪ್ ಸ್ಟ್ರೀಟ್ ಕಡೆಗಿತ್ತು. ಆಗಿನ ಜನ ಸಮುದ್ರಕ್ಕೆ ಬೆನ್ನು ಹಾಕಿಯೇ ಮನೆ ಕಟ್ಟುತ್ತಿದ್ದರು. ಅವರಿಗೆ ಕಾರಣವೂ ಇತ್ತು. ಈ ಊರಿಗೆ ಕೆಳಗೆ ದಡದಲ್ಲಿ ಇನ್ನೊಂದು ಭಾಗ ಇತ್ತು. 1703ರ ಮಹಾ ಬಿರುಗಾಳಿ ಅದನ್ನು ಹಣ್ಣು ಮಾಡಿತು. 1705ರ ಬಿರುಗಾಳಿ ಉಳಿದದ್ದನ್ನು ಕಲ್ಲುಗುಂಡುಗಳ ಕೆಳಗೆ ಹೂತುಹಾಕಿತು. ಮನೆ ಕಿತ್ತುಕೊಳ್ಳುವ ಸಮುದ್ರವನ್ನು ಕಿಟಕಿಯಿಂದ ನೋಡುತ್ತಾ ಕೂರಲು ಯಾರಿಗೆ ಮನಸ್ಸು ಬಂದೀತು?

ಆ ಮನಸ್ಸು ಬದಲಾಯಿಸಿದವರು ಒಬ್ಬ ವೈದ್ಯರು. ಪಕ್ಕದ ಲೂಯಿಸ್ ಊರಿನ ಡಾಕ್ಟರ್ ರಿಚರ್ಡ್ ರಸೆಲ್. ಸಮುದ್ರದ ನೀರಿನಲ್ಲಿ ಮುಳುಗಿದರೆ, ಅದನ್ನು ಕುಡಿದರೆ ಮೈಯೊಳಗಿನ ಗ್ರಂಥಿಗಳ ರೋಗಗಳು ವಾಸಿಯಾಗುತ್ತವೆ ಅಂತ 1750ರಲ್ಲಿ ಬರೆದರು. ಹೌದು, ಉಪ್ಪು ನೀರು ಕುಡಿಸುತ್ತಿದ್ದರು! ಶ್ರೀಮಂತ ರೋಗಿಗಳು ಬರತೊಡಗಿದರು. ಬಂದವರಿಗೆ ಬೆಳಿಗ್ಗೆ ಸ್ನಾನ. ಉಳಿದ ಹೊತ್ತು ಏನು ಮಾಡುವುದು? ಇಲ್ಲಿಂದ ಓಲ್ಡ್ ಶಿಪ್‌ನ ಒಳ್ಳೆಯ ಕಾಲ ಶುರುವಾಯಿತು.

1752ರಲ್ಲಿ ಕ್ಯಾಸಲ್ ಅನ್ನುವ ಇನ್ ಶುರುವಾಗಿತ್ತು. 1766ರಲ್ಲಿ ಅದರವರು ದೊಡ್ಡದೊಂದು ಬಾಲ್‌ರೂಮ್, ಅಂದರೆ ನೃತ್ಯದ ಹಾಲ್, ಕಟ್ಟಿಸಿದರು. ಓಲ್ಡ್ ಶಿಪ್‌ನವರು ಸುಮ್ಮನಿರಲಿಲ್ಲ. ಮರುವರ್ಷವೇ, 1767ರಲ್ಲಿ, ರಾಬರ್ಟ್ ಗೋಲ್ಡನ್ ಅನ್ನುವವರಿಂದ ತಾವೂ ನೃತ್ಯದ ಹಾಲ್ ಮತ್ತು ಇಸ್ಪೀಟಿನ ಕೋಣೆ ಕಟ್ಟಿಸಿದರು. ಇಬ್ಬರೂ ಜಗಳವಾಡುವ ಬದಲು ವಾರದ ದಿನಗಳನ್ನು ಹಂಚಿಕೊಂಡರು. ಒಂದು ದಿನ ಅಲ್ಲಿ ನೃತ್ಯ, ಇನ್ನೊಂದು ದಿನ ಇಲ್ಲಿ. ಎರಡಕ್ಕೂ ಒಬ್ಬರೇ ಮೇಲ್ವಿಚಾರಕರು, ಕ್ಯಾಪ್ಟನ್ ವಿಲಿಯಂ ವೇಡ್. ಯಾರು ಯಾರ ಜೊತೆ ಕುಣಿಯಬೇಕು, ಹೊಸಬರನ್ನು ಯಾರಿಗೆ ಪರಿಚಯಿಸಬೇಕು ಅನ್ನುವುದೆಲ್ಲಾ ಅವರ ಕೈಯಲ್ಲಿ.

ಈ ಸ್ಪರ್ಧೆ ಮುಗಿದ ರೀತಿ ನನಗೆ ಬಹಳ ಹಿಡಿಸಿತು. ಯುವರಾಜ ಜಾರ್ಜ್ ಬ್ರೈಟನ್‌ಗೆ ಮೊದಲು ಬಂದದ್ದು 1783ರಲ್ಲಿ. ಕ್ಯಾಸಲ್ ಇನ್‌ನ ಹತ್ತಿರದಲ್ಲೇ ತನ್ನ ಮನೆ ಕಟ್ಟಿಸಿ, ಅದನ್ನು ಬೆಳೆಸುತ್ತಾ ಬೆಳೆಸುತ್ತಾ ರಾಯಲ್ ಪೆವಿಲಿಯನ್ ಮಾಡಿದ. ಅರಮನೆ ಪಕ್ಕದ ಇನ್‌ಗೆ ಇದಕ್ಕಿಂತ ಅದೃಷ್ಟ ಬೇಕಾ ಅನಿಸುತ್ತದೆ. ಆದರೆ ಅರಮನೆಗೆ ಜಾಗ ಸಾಲದಾಯಿತು. ರಾಜ ಆ ಇನ್ ಅನ್ನೇ ಕೊಂಡು, 1820ರ ದಶಕದ ಆರಂಭದಲ್ಲಿ ಕೆಡವಿಸಿದ. ಅದರ ನೃತ್ಯದ ಹಾಲ್ ಮಾತ್ರ ಅರಮನೆಯ ಪ್ರಾರ್ಥನಾ ಮಂದಿರ ಆಯಿತು. ಪೆವಿಲಿಯನ್ ಮಾರಾಟವಾದ ಮೇಲೆ ಆ ಹಾಲನ್ನು ಬಿಚ್ಚಿ, ಮಾಂಟ್‌ಪೆಲಿಯರ್ ಪ್ಲೇಸ್ ಅನ್ನುವ ಕಡೆ ಮತ್ತೆ ಜೋಡಿಸಿದರು. ಅಲ್ಲಿ ಅದು ಸೇಂಟ್ ಸ್ಟೀಫನ್ಸ್ ಚರ್ಚ್ ಆಯಿತು. ಕ್ಯಾಸಲ್ ಇದ್ದ ಕಡೆ ಈಗ ಕ್ಯಾಸಲ್ ಸ್ಕ್ವೇರ್ ಅನ್ನುವ ಬಸ್ ಸ್ಟಾಪ್ ಇದೆ. ರಾಜನಿಂದ ಸ್ವಲ್ಪ ದೂರ ಇದ್ದ ಓಲ್ಡ್ ಶಿಪ್ ಉಳಿಯಿತು.

ಅದರ 1767ರ ಕೋಣೆಗಳು ಈಗಲೂ ಇವೆ. ಹೋಟೆಲ್ ಒಳಗೆ ನೋಡಲೇಬೇಕಾದದ್ದು ಅವೇ. ಆದರೆ ಅದು ಮ್ಯೂಸಿಯಂ ಅಲ್ಲ. ಮದುವೆ, ಪಾರ್ಟಿ, ಕಂಪನಿ ಮೀಟಿಂಗ್‌ಗೆ ಬಾಡಿಗೆಗೆ ಕೊಡುತ್ತಾರೆ. ಶನಿವಾರ ಹೋದರೆ ಮದುವೆ ಇರುವ ಸಾಧ್ಯತೆ ಜಾಸ್ತಿ, ಒಳಗೆ ಬಿಡುವುದಿಲ್ಲ. ವಾರದ ಮಧ್ಯೆ, ಬೆಳಗಿನ ತಿಂಡಿ ಗದ್ದಲ ಮುಗಿದ ಮೇಲೆ, ರಿಸೆಪ್ಷನ್‌ನಲ್ಲಿ ನಯವಾಗಿ ಕೇಳಿ. "ಹಳೇ ಬಾಲ್‌ರೂಮ್ ಖಾಲಿ ಇದ್ದರೆ ಎರಡು ನಿಮಿಷ ನೋಡಬಹುದಾ?" ನಮಗೆ ಹಾಗೆ ಸಿಕ್ಕಿತು. ಕುರ್ಚಿ ಜೋಡಿಸುತ್ತಿದ್ದ ಹುಡುಗ ದೀಪ ಹಾಕಿಕೊಟ್ಟ. ಗೋಡೆ, ಚಾವಣಿಯ ಮೇಲೆ ಗಾರೆಯ ನಾಜೂಕಾದ ಹೂಬಳ್ಳಿ. ಹೊರಗಿನ ಸಾದಾ ಗೋಡೆ ನೋಡಿದವರು ಇಂಥದ್ದು ಒಳಗಿದೆ ಅಂತ ಊಹಿಸುವುದಕ್ಕೇ ಆಗುವುದಿಲ್ಲ.

1831ರ ಡಿಸೆಂಬರ್ 9ರಂದು ಇಟಲಿಯ ಪಿಟೀಲು ವಾದಕ ಪಗನೀನಿ ಇಲ್ಲಿ ನುಡಿಸಿದರು. ಆ ಕಾಲಕ್ಕೆ ಯುರೋಪಿನಲ್ಲೇ ಅತಿ ಹೆಸರಾದ ಪಿಟೀಲುಗಾರ. ಅಂಥವರು ಊರಿಗೆ ಬಂದರೆ ನುಡಿಸಲು ತಕ್ಕ ಜಾಗ ಅಂದರೆ ಇನ್‌ನ ಹಾಲೇ. ಸಾಹಿತಿಗಳಾದ ಡಿಕನ್ಸ್, ಥ್ಯಾಕರೆ ಇಬ್ಬರೂ ಈ ಹೋಟೆಲ್‌ನಲ್ಲಿ ತಂಗಿದ್ದವರು. ದೊಡ್ಡವರ ಹೆಸರಿಗಿಂತ ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಊರಿಗೆ ಪುರಭವನ ಇಲ್ಲದ ಕಾಲದಲ್ಲಿ ಸಾರ್ವಜನಿಕ ಸಭೆಗಳು, ಹರಾಜುಗಳು ನಡೆಯುತ್ತಿದ್ದದ್ದು ಇಂಥ ಇನ್‌ಗಳಲ್ಲೇ. ಕೆಳಗೆ ಕಮಾನಿನ ಹಳೆಯ ನೆಲಮಾಳಿಗೆ ಇದೆ. ಅದನ್ನೂ ಕೇಳಿ ನೋಡಿ, ಆದರೆ ಮೆಟ್ಟಿಲು ಇಳಿಯಲಾಗದವರು ಮೇಲೆ ಲೌಂಜ್‌ನಲ್ಲೇ ಕೂರುವುದು ಒಳ್ಳೆಯದು.

ಉಳಿದುಕೊಳ್ಳುವವರಿಗೆ ಕೆಲವು ಮಾತು. ಸಮುದ್ರ ಕಾಣುವ ರೂಮಿಗೆ ದುಡ್ಡು ಜಾಸ್ತಿ. ಚಳಿಗಾಲದಲ್ಲಿ ಅದಕ್ಕೆ ಕೊಡುವ ದುಡ್ಡು ಸಾರ್ಥಕ, ಕಿಟಕಿಯಿಂದಲೇ ಅಲೆ ನೋಡಬಹುದು. ಬೇಸಿಗೆಯ ಶುಕ್ರವಾರ, ಶನಿವಾರ ಮಾತ್ರ ಹಿಂಬದಿಯ ರೂಮು ತೆಗೆದುಕೊಳ್ಳಿ. ದಡದ ಕ್ಲಬ್‌ಗಳಿಂದ ಬರುವವರ ಕೂಗಾಟ ನಡುರಾತ್ರಿ ದಾಟಿದರೂ ಇರುತ್ತದೆ. ಹಳೇ ಕಟ್ಟಡ, ಹಲವು ಸಲ ಸೇರಿಸಿ ಬೆಳೆಸಿದ್ದು. ವಯಸ್ಸಾದವರಿದ್ದರೆ ಬುಕ್ ಮಾಡುವಾಗಲೇ ಲಿಫ್ಟ್ ಹತ್ತಿರದ ರೂಮು ಬೇಕು ಅಂತ ಬರೆದು ಕೇಳಿ. ಎಸಿ ಇದ್ದೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಬೇಗ ಬಂದರೆ ರೂಮು ಕೊಡದಿದ್ದರೂ ಬ್ಯಾಗ್ ಇಟ್ಟುಕೊಳ್ಳುತ್ತಾರೆ.

ಸಮುದ್ರದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಮಲ್ಪೆ, ಗೋಕರ್ಣದ ಮರಳು ಇಲ್ಲಿಲ್ಲ. ಬರೀ ಉರುಟು ಕಲ್ಲು. ಬರಿಗಾಲಲ್ಲಿ ನಡೆಯಲು ಆಗುವುದಿಲ್ಲ, ಚಪ್ಪಲಿಯಲ್ಲೂ ಕಾಲು ಉಳುಕುತ್ತದೆ. ಶೂ ಹಾಕಿ. ಮೇ ತಿಂಗಳಲ್ಲೂ ಗಾಳಿ ಚುಚ್ಚುತ್ತದೆ, ಜಾಕೆಟ್ ಇರಲಿ. ಕೈಯಲ್ಲಿ ತಿಂಡಿ ಹಿಡಿದು ನಡೆಯಬೇಡಿ, ಸೀಗಲ್ ಹಕ್ಕಿಗಳು ಹಿಂದಿನಿಂದ ಬಂದು ಕಿತ್ತುಕೊಂಡು ಹೋಗುತ್ತವೆ. ನವೆಂಬರ್‌ನಿಂದ ಫೆಬ್ರವರಿ ನಡುವೆ ಹೋದರೆ ಸೂರ್ಯ ಮುಳುಗುವ ಮುಂಚೆ ಪಿಯರ್ ಹತ್ತಿರ ಇರಿ. ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ಒಟ್ಟಿಗೆ ಆಕಾಶದಲ್ಲಿ ಸುಳಿಯುತ್ತವೆ. ಟಿಕೆಟ್ ಇಲ್ಲ, ಏನಿಲ್ಲ.

ಸಸ್ಯಾಹಾರಿಗಳಿಗೆ ಇಂಗ್ಲೆಂಡಿನಲ್ಲಿ ಇದಕ್ಕಿಂತ ಒಳ್ಳೆ ಊರು ಸಿಗುವುದು ಕಷ್ಟ. ಲೇನ್ಸ್ ಸುತ್ತಮುತ್ತ ಪೂರ್ತಿ ಸಸ್ಯಾಹಾರಿ ರೆಸ್ಟೋರೆಂಟ್‌ಗಳೇ ಇವೆ. ಬರೀ ಆಲೂಗಡ್ಡೆ ಚಿಪ್ಸ್ ಸಾಕು ಅಂತ ಮೀನಿನ ಅಂಗಡಿಗೆ ಹೋಗುವವರು ಒಂದು ಪ್ರಶ್ನೆ ಕೇಳಲೇಬೇಕು: ಕರಿದದ್ದು ಎಣ್ಣೆಯಲ್ಲಾ, ದನದ ಕೊಬ್ಬಿನಲ್ಲಾ? ಎಷ್ಟೋ ಅಂಗಡಿಗಳಲ್ಲಿ ಕೊಬ್ಬಿನಲ್ಲೇ ಕರಿಯುತ್ತಾರೆ. ಎಣ್ಣೆ ಆದರೂ ಮೀನು ಕರಿದ ಬಾಣಲೆಯೇ ಇರಬಹುದು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮರುದಿನ ಬೆಳಿಗ್ಗೆ ಹೋಟೆಲ್‌ನಿಂದ ಪೂರ್ವಕ್ಕೆ, ಪ್ಯಾಲೇಸ್ ಪಿಯರ್ ಕಡೆ ನಡೆಯಿರಿ. ದಾರಿಯಲ್ಲಿ ಕ್ವೀನ್ಸ್ ಹೋಟೆಲ್ ಸಿಗುತ್ತದೆ. ದೀನ್ ಮಹಮ್ಮದರ ಸ್ನಾನಗೃಹ ಇದ್ದದ್ದು ಅಲ್ಲಿ. ಅದರಾಚೆ ರಾಯಲ್ ಆಲ್ಬಿಯನ್. ಡಾಕ್ಟರ್ ರಸೆಲ್ ಮನೆ ಕಟ್ಟಿಕೊಂಡಿದ್ದ ಜಾಗದಲ್ಲಿ 1826ರಲ್ಲಿ ತೆರೆದ ಹೋಟೆಲ್. 2023ರ ಜುಲೈನಲ್ಲಿ ಬೆಂಕಿ ಬಿದ್ದು ಅದರ ಒಂದು ಭಾಗ ಕೆಡವಬೇಕಾಯಿತು. ಹಳೇ ಹೋಟೆಲ್‌ಗಳು ಹೇಗಿದ್ದರೂ ಇರುತ್ತವೆ, ಆಮೇಲೆ ನೋಡೋಣ ಅನ್ನುವವರಿಗೆ ಇದನ್ನು ಹೇಳಬೇಕು.

ಅಲ್ಲಿಂದ ಪೆವಿಲಿಯನ್‌ಗೆ ಐದು ನಿಮಿಷ. ಗುಮ್ಮಟಗಳನ್ನು ನೋಡಿ ಸುಮ್ನೆ ವಾಪಸ್ ಬರಬೇಡಿ. 1914ರ ಡಿಸೆಂಬರ್‌ನಿಂದ 1916ರ ಜನವರಿವರೆಗೆ ಇದು ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆ ಆಗಿತ್ತು. ಝಗಝಗಿಸುವ ದೀಪಗುಚ್ಛಗಳ ಕೆಳಗೆ ಮಂಚಗಳ ಸಾಲು. ಧರ್ಮ, ಜಾತಿ ನೋಡಿ ಒಂಬತ್ತು ಅಡುಗೆಮನೆ ಮಾಡಿದ್ದರು. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನೀರಿನ ನಲ್ಲಿ. ಸಿಖ್ಖರಿಗೆ ತೋಟದಲ್ಲಿ ಡೇರೆ ಹಾಕಿ ಗುರುದ್ವಾರ. 1915ರ ಆಗಸ್ಟ್‌ನಲ್ಲಿ ಜಮಾದಾರ್ ಮೀರ್ ದಸ್ತ್ ಅವರಿಗೆ ರಾಜ ಐದನೇ ಜಾರ್ಜ್ ಇಲ್ಲೇ ವಿಕ್ಟೋರಿಯಾ ಕ್ರಾಸ್ ಶೌರ್ಯ ಪದಕ ಕೊಟ್ಟರು. ಒಳಗೆ ಇದಕ್ಕಂತಲೇ ಒಂದು ಕೋಣೆ ಇದೆ. ದಕ್ಷಿಣದ ದ್ವಾರಕ್ಕೆ ಇಂಡಿಯಾ ಗೇಟ್ ಅಂತ ಹೆಸರು. ಭಾರತದವರು ಕೃತಜ್ಞತೆಗೆ ಕೊಟ್ಟ ಕಾಣಿಕೆ. 1921ರಲ್ಲಿ ಪಟಿಯಾಲದ ಮಹಾರಾಜರು ಅನಾವರಣ ಮಾಡಿದರು. ಎಷ್ಟೋ ಜನ ಅದರ ಕೆಳಗೇ ನಡೆದುಹೋಗುತ್ತಾರೆ, ತಲೆ ಎತ್ತಿ ಓದುವುದಿಲ್ಲ.

ಬ್ರೈಟನ್‌ನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಮಂದಿ ಹಿಂದೂ, ಸಿಖ್ ಸೈನಿಕರನ್ನು ಊರಾಚೆ ಪ್ಯಾಚಮ್ ಹತ್ತಿರದ ಗುಡ್ಡದ ಮೇಲೆ ದಹನ ಮಾಡಿದರು. ಅಲ್ಲಿ ಈಗ ಛತ್ರಿ ಅನ್ನುವ ಬಿಳಿ ಅಮೃತಶಿಲೆಯ ಸ್ಮಾರಕ ಇದೆ. 1921ರ ಫೆಬ್ರವರಿ 1ರಂದು ತೆರೆದದ್ದು. ಪ್ರತಿ ವರ್ಷ ಜೂನ್‌ನಲ್ಲಿ ಅಲ್ಲಿ ಸ್ಮರಣೆ ನಡೆಯುತ್ತದೆ. ಪ್ಯಾಚಮ್‌ವರೆಗೆ ಬಸ್ಸಿದೆ. ಆಮೇಲೆ ಗುಡ್ಡ ಹತ್ತಿ ನಡೆಯಬೇಕು. ಸ್ಮಾರಕದವರೆಗೆ ವಾಹನ ಹೋಗುವುದಿಲ್ಲ. ಅಂಗಡಿ, ನೀರು, ಶೌಚಾಲಯ ಯಾವುದೂ ಇಲ್ಲ. ಮಳೆ ಬಂದಿದ್ದರೆ ಕೆಸರು. ಅಮ್ಮನನ್ನು ಪೆವಿಲಿಯನ್ ತೋಟದ ಕೆಫೆಯಲ್ಲಿ ಕೂರಿಸಿ ನಾನೊಬ್ಬಳೇ ಹೋಗಿ ಬಂದೆ. ಹೋಗಿ ಬರಲು ಅರ್ಧ ದಿನ ಇಟ್ಟುಕೊಳ್ಳಿ.

ಕೊನೆಗೆ ತಾರೀಕಿನ ವಿಷಯ. ಆಗಸ್ಟ್ ಮೊದಲ ವಾರದ, ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಹಬ್ಬ, ಮೇ ತಿಂಗಳ ಬ್ರೈಟನ್ ಫೆಸ್ಟಿವಲ್, ನವೆಂಬರ್ ಮೊದಲ ಭಾನುವಾರದ ಹಳೇ ಕಾರುಗಳ ಓಟ, ಇವುಗಳ ಸಮಯದಲ್ಲಿ ರೂಮಿನ ಬೆಲೆ ವಿಪರೀತ ಏರುತ್ತದೆ. ಹಬ್ಬಕ್ಕಂತಲೇ ಹೋಗುವುದಾದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ಇಲ್ಲದಿದ್ದರೆ ಏಪ್ರಿಲ್ ಅಥವಾ ಸೆಪ್ಟೆಂಬರ್‌ನ ಸೋಮವಾರದಿಂದ ಗುರುವಾರದೊಳಗೆ ಹೋಗಿ. ವಾಪಸ್ ಹೊರಡುವಾಗ ಸ್ಟೇಷನ್‌ವರೆಗೆ ಪೂರ್ತಿ ಏರು, ಅದನ್ನು ನೆನಪಿಡಿ. ವಯಸ್ಸಾದವರಿದ್ದರೆ ಬ್ಯಾಗ್ ಎಳೆದುಕೊಂಡು ನಡೆಸಬೇಡಿ. ನಾರ್ತ್ ಸ್ಟ್ರೀಟ್‌ನಲ್ಲಿ ಸ್ಟೇಷನ್‌ಗೆ ಬಸ್ ಸಿಗುತ್ತದೆ. ಬಸ್ಸುಗಳ ಮುಂಭಾಗದಲ್ಲಿ ಈ ಊರಿಗೆ ಸೇರಿದ ಹಿಂದಿನವರ ಹೆಸರುಗಳನ್ನು ಬರೆದಿರುತ್ತಾರೆ, ಕಾಯುವಾಗ ಅವನ್ನು ಓದಬಹುದು.